ಚಂದ್ರನ ಸೆಳೆತ ಮತ್ತು ಮಳೆ

ರೈತ ಬಾಂಧವರೇ, ‘ಅಮಾವಾಸ್ಯೆ ಕಳೆದರೆ ಮಳೆ ಬಂದೇ ಬರುತ್ತದೆ’ ಎಂದು ಬಿತ್ತನೆ ಮುಂದೂಡುವವರು ನಿಮ್ಮಲ್ಲೂ ಇರಬಹುದು. ಚಂದ್ರನ ಸೆಳೆತಕ್ಕೆ ಕಡಲಿನಂತೆ ವಾಯುಮಂಡಲವೂ ಉಬ್ಬುವುದು ನಿಜ. ಆದರೆ ಈ ಉಬ್ಬರ ತಿಥಿಗೆ ಕಾಯದೆ ದಿನಕ್ಕೆರಡು ಬಾರಿ ಬರುತ್ತದೆ. ಚಂದ್ರ ನೆತ್ತಿಯ ಮೇಲಿದ್ದಾಗ ಒತ್ತಡ ತುಸು ಹೆಚ್ಚಿ ಗಾಳಿ ಕೊಂಚ ಬಿಸಿಯಾಗುತ್ತದೆ. ಅದರ ಸಾಪೇಕ್ಷ ಆರ್ದ್ರತೆ ಇಳಿದು ಮಳೆಯೂ ತುಸು ಕಡಿಮೆಯಾಗುತ್ತದೆ. ಚಂದ್ರನೇ ಮಳೆ ತರುತ್ತಾನೆ ಎನ್ನುವವರಿಗೆ ಇದು ಸೋಜಿಗವೇ! 1998ರಿಂದ 2012ರವರೆಗಿನ ಉಪಗ್ರಹ ಮಾಹಿತಿಯಿಂದ ವಾಷಿಂಗ್ಟನ್ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು 2016ರಲ್ಲಿ ಇದನ್ನು ತೋರಿಸಿಕೊಟ್ಟರು. ಮಳೆಯ ಒಟ್ಟು ಏರಿಳಿತದಲ್ಲಿ ಇದರ ಪಾಲು ಸುಮಾರು ಶೇಕಡಾ 1 ಮಾತ್ರ.

ಹದ ಬಂದ ಹೊಲವನ್ನು ತಿಥಿ ನೋಡಿ ಕಾಯಿಸಿದರೆ ತೇವ ಆರಿ ಮೊಳಕೆ ಕುಂದುತ್ತದೆ. ಬೀಜ ಬೀಳುವ ಆಳದ ಮಣ್ಣನ್ನು ಮುಷ್ಟಿಯಲ್ಲಿ ಒತ್ತಿರಿ. ಉಂಡೆ ಕಟ್ಟಿ, ಬೆರಳಿನಿಂದ ತಟ್ಟಿದಾಗ ಒಡೆದರೆ ಅಂದೇ ಕೂರಿಗೆ ಹೂಡಿರಿ.