ಪಿತ್ತನಾಳದ ಕ್ಯಾನ್ಸರ್: ನಳಿಕೆ ಹಾಕಿಸಿಕೊಳ್ಳುವ ಮುನ್ನ, ಹಾಕಿಸಿಕೊಂಡ ಮೇಲೆ

ಕಣ್ಣು ಹಳದಿಯಾದರೆ ನಮ್ಮಲ್ಲಿ ಮೊದಲು ನೆನಪಾಗುವುದು ನಾಟಿ ಔಷಧಿ, ಮಜ್ಜಿಗೆ ಅನ್ನದ ಪಥ್ಯ. ವೈರಸ್ಸಿನಿಂದ ಬಂದ ಕಾಮಾಲೆ ಬಹುಪಾಲು ತಾನಾಗಿಯೇ ಇಳಿಯುವುದರಿಂದ ಔಷಧಿ ಕೊಟ್ಟವರಿಗೆ ಹೆಸರೂ ಬರುತ್ತದೆ. ಆದರೆ ಮೈಯೆಲ್ಲ ತುರಿಕೆ, ಡಿಕಾಕ್ಷನ್ ಬಣ್ಣದ ಮೂತ್ರ, ಜೇಡಿಮಣ್ಣಿನಂತೆ ಬಿಳಿಚಿದ ಮಲ ಕಂಡರೆ ಪಿತ್ತನಾಳ ಕಟ್ಟಿಕೊಂಡಿರುವ ಸಾಧ್ಯತೆ ಹೆಚ್ಚು. ಕಲ್ಲಿರಬಹುದು, ಗಡ್ಡೆಯೂ ಇರಬಹುದು. ಪಥ್ಯದಲ್ಲಿ ತಿಂಗಳು ಕಳೆಯಬೇಡಿ. ತಡಮಾಡದೆ ಹೊಟ್ಟೆಯ ಅಲ್ಟ್ರಾಸೌಂಡ್ ಮಾಡಿಸಿ.

ಪಿತ್ತನಾಳದ ಕ್ಯಾನ್ಸರ್ ಅಪರೂಪದ್ದು. ಪೂರ್ತಿ ಗುಣವಾಗುವ ಆಸೆ ಮುಖ್ಯವಾಗಿ ಶಸ್ತ್ರಚಿಕಿತ್ಸೆಯ ಮೇಲೆ ನಿಂತಿದೆ, ಆದರೆ ಬಹಳ ಜನ ಆ ಹಂತ ದಾಟಿದ ಮೇಲೆ ಬರುತ್ತಾರೆ. ಹೊಟ್ಟೆ ಕೊಯ್ಯದೆ, ಸ್ಕ್ಯಾನ್ ಪರದೆ ನೋಡುತ್ತ ಸೂಜಿ, ತಂತಿಗಳಿಂದ ಕೆಲಸ ಮಾಡುವ ಇಂಟರ್ವೆನ್ಷನಲ್ ರೇಡಿಯಾಲಜಿಸ್ಟ್ ಆಗ ಬೇಕಾಗುತ್ತಾರೆ. ಶಸ್ತ್ರಚಿಕಿತ್ಸೆಗೆ ಸಿದ್ಧ ಮಾಡುವುದಕ್ಕೂ ಅವರೇ ಬೇಕಾಗಬಹುದು.

ಮೊದಲ ಹೆಜ್ಜೆ: ಸ್ಕ್ಯಾನ್ ಮೊದಲು, ಕಟ್ಟಿಕೊಂಡ ಪಿತ್ತ ಹರಿಸುವ ನಳಿಕೆ ಆಮೇಲೆ. ನಳಿಕೆ ಅಥವಾ ಸ್ಟೆಂಟ್ (ನಾಳದೊಳಗೇ ಇರುವ ಕೊಳವೆ) ಹಾಕಿದ ಮೇಲೆ ಉಬ್ಬಿದ ನಾಳಗಳು ಕುಗ್ಗಿ, ಗಡ್ಡೆ ಎಲ್ಲಿಯವರೆಗೆ ಹಬ್ಬಿದೆ ಎಂಬುದು ಮಸುಕಾಗುತ್ತದೆ. ತುರ್ತು ಸೋಂಕು ಇಲ್ಲದಿದ್ದರೆ ಸಿಟಿ ಮತ್ತು ಪಿತ್ತನಾಳ ತೋರಿಸುವ ಎಂಆರ್‌ಐ ಸ್ಕ್ಯಾನ್ ಆದ ಎಂಆರ್‌ಸಿಪಿ ಮುಗಿಸಿಕೊಳ್ಳಿ. ಸರ್ಜನ್ ಆ ಚಿತ್ರ ನೋಡಲಿ. ಲಿವರಿನ ಯಾವ ಭಾಗ ಉಳಿಯಲಿದೆ ಎಂದು ತಿಳಿದರೆ ಆ ಭಾಗದ ಪಿತ್ತವನ್ನೇ ಹೊರಗೆ ಹರಿಸಬಹುದು. ಉಳಿಯುವ ಭಾಗ ತೀರಾ ಚಿಕ್ಕದಾದರೆ, ತೆಗೆಯಲಿರುವ ಭಾಗದ ಪೋರ್ಟಲ್ ರಕ್ತನಾಳವನ್ನು ಮುಚ್ಚುತ್ತಾರೆ. ಕೆಲವು ವಾರಗಳಲ್ಲಿ ಇನ್ನೊಂದು ಭಾಗ ಬೆಳೆಯುತ್ತದೆ. ಲಿವರಿನ ಈ ಗುಣ ನಿಜಕ್ಕೂ ಬೆರಗಿನದು.

ಎರಡನೆಯದು ತಯಾರಿ. ಪಿತ್ತ ಕರುಳಿಗೆ ಇಳಿಯದಿದ್ದರೆ ವಿಟಮಿನ್ ಕೆ ಮೈಗೆ ಹತ್ತುವುದಿಲ್ಲ, ರಕ್ತ ಹೆಪ್ಪುಗಟ್ಟುವುದು ನಿಧಾನವಾಗುತ್ತದೆ. ಅದಕ್ಕೇ ಐಎನ್‌ಆರ್ ಪರೀಕ್ಷೆ, ಬೇಕಿದ್ದರೆ ಇಂಜೆಕ್ಷನ್. ರಕ್ತ ತೆಳುವಾಗಿಸುವ ಮಾತ್ರೆ, ಸಕ್ಕರೆ ಕಾಯಿಲೆಯ ಮಾತ್ರೆ, ಹಿಂದೆ ಆದ ಅಲರ್ಜಿ, ಎಲ್ಲವನ್ನೂ ಚೀಟಿಯಲ್ಲಿ ಬರೆದುಕೊಂಡು ಹೋಗಿ. ಯಾವ ಮಾತ್ರೆಯನ್ನೂ ನೀವೇ ನಿಲ್ಲಿಸಬೇಡಿ.

ನಳಿಕೆ ಹಾಕುವ ದಿನ ಪಕ್ಕೆಲುಬುಗಳ ನಡುವಿನಿಂದ ಸೂಜಿ, ಸೂಜಿಯೊಳಗಿಂದ ತಂತಿ, ತಂತಿಯ ಮೇಲೆ ನಳಿಕೆ. ಸ್ವೀಡನ್ನಿನ ಸೆಲ್ಡಿಂಗರ್ 1953ರಲ್ಲಿ ರಕ್ತನಾಳಕ್ಕಾಗಿ ವಿವರಿಸಿದ ಉಪಾಯವೇ ಇಲ್ಲಿಯೂ ನಡೆಯುತ್ತದೆ.

ನನ್ನ ಪ್ರಕಾರ ಕಷ್ಟ ಶುರುವಾಗುವುದು ಮನೆಗೆ ಬಂದ ಮೇಲೆ. ನಳಿಕೆಯಿಂದ ಬರುವ ಪಿತ್ತ ತುಂಬುವ ಚೀಲ ಸದಾ ಸೊಂಟಕ್ಕಿಂತ ಕೆಳಗಿರಲಿ. ದಿನವೂ ಎಷ್ಟು ಮಿಲಿಲೀಟರ್ ಬಂತು, ಬಣ್ಣ ಯಾವುದು ಎಂದು ಕ್ಯಾಲೆಂಡರಿನಲ್ಲೇ ಗುರುತು ಹಾಕಿ. ಹೊರಹೋಗುವ ಪಿತ್ತದ ಜೊತೆ ಉಪ್ಪು, ನೀರೂ ಹೋಗುತ್ತವೆ. ಚೀಲ ಬೇಗ ಬೇಗ ತುಂಬುತ್ತಿದ್ದರೆ ಓಆರ್‌ಎಸ್ ಎಷ್ಟು ಕುಡಿಯಬೇಕೆಂದು ಕೇಳಿಕೊಳ್ಳಿ. ಸಲೈನ್ ಹಾಕಿ ತೊಳೆಯಲು ಹೇಳಿದ್ದರೆ ಮೆಲ್ಲಗೆ ಒಳಗೆ ತಳ್ಳಿ, ಸಿರಿಂಜಿನಿಂದ ಹಿಂದಕ್ಕೆ ಎಳೆಯಲೇಬೇಡಿ: ಕರುಳಿನ ರೋಗಾಣು ನಾಳಕ್ಕೆ ಬಂದುಬಿಡುತ್ತದೆ. ನಳಿಕೆಯನ್ನು ಸುಮಾರು ಮೂರು ತಿಂಗಳಿಗೊಮ್ಮೆ ಬದಲಿಸಬೇಕು. ಚಳಿ ನಡುಕದ ಜ್ವರ, ಚೀಲದಲ್ಲಿ ಕೆಂಪು ರಕ್ತ, ಇದ್ದಕ್ಕಿದ್ದಂತೆ ನಿಂತ ಪಿತ್ತ, ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಎಂದು ಕಾಯಬೇಡಿ.

ಕಾಮಾಲೆ ಇಳಿದ ಮೇಲೆ ಗಡ್ಡೆಯ ಮಾತು. ಲಿವರಿಗೆ ಸುಮಾರು ಮುಕ್ಕಾಲು ಪಾಲು ರಕ್ತ ಪೋರ್ಟಲ್ ನಾಳದಿಂದ ಬಂದರೆ, ಲಿವರಿನೊಳಗಿನ ಗಡ್ಡೆ ಹೀರುವುದು ಹೆಚ್ಚಾಗಿ ಅಪಧಮನಿಯಿಂದ. ತೊಡೆ ಅಥವಾ ಮಣಿಕಟ್ಟಿನಿಂದ ಆ ದಾರಿಯಲ್ಲೇ ಹೋಗಿ ಕೀಮೋ ಔಷಧಿ ತುಂಬಿ ನಾಳ ಮುಚ್ಚುವುದು ಟೇಸ್. ಯಿಟ್ರಿಯಂ-90ರ ವಿಕಿರಣದ ಕಣ ಬಿಡುವುದು ಟೇರ್. ಟೇರ್‌ಗೆ ಎರಡು ಸಲ ಹೋಗಬೇಕಾಗುವುದು ಸಾಮಾನ್ಯ, ಏಕೆಂದರೆ ಕಣ ಶ್ವಾಸಕೋಶಕ್ಕೆ ಸೋರುತ್ತದೆಯೇ ಎಂದು ಮೊದಲು ನೋಡುತ್ತಾರೆ. ಮೂರು ಸೆಂಟಿಮೀಟರಿನೊಳಗಿನ ಗಡ್ಡೆಯನ್ನು ಸೂಜಿಯ ಶಾಖದಿಂದ ಸುಡುವುದೂ ಉಂಟು. ಯಾವುದೇ ಆಗಲಿ, ಪಿತ್ತನಾಳದಲ್ಲಿ ಸ್ಟೆಂಟ್ ಇದ್ದರೆ ಮರೆಯದೆ ಹೇಳಿ. ಅಂಥವರಲ್ಲಿ ಲಿವರಿನಲ್ಲಿ ಕೀವುಗಟ್ಟುವ ಅಪಾಯ ಹೆಚ್ಚು.

ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಕಾರ್ಡ್ ಇದ್ದವರು ಅಡ್ಮಿಟ್ ಆಗುವ ಮೊದಲೇ ಆಸ್ಪತ್ರೆಯ ಆರೋಗ್ಯಮಿತ್ರರನ್ನು ಕಾಣಿ. ಚಿಕಿತ್ಸೆ ಯಾವ ಪ್ಯಾಕೇಜಿಗೆ ಬರುತ್ತದೆ, ಸ್ಟೆಂಟಿನ ಬೆಲೆ ಅದರಲ್ಲಿ ಸೇರಿದೆಯೇ, ಮೂರು ತಿಂಗಳಿಗೊಮ್ಮೆ ನಳಿಕೆ ಬದಲಿಸುವ ಖರ್ಚು ಯಾರದು ಎಂದು ಕೇಳಿ ಬರೆದಿಟ್ಟುಕೊಳ್ಳಿ.