ದೈತ್ಯರ ಹೆಜ್ಜೆ ನಿಧಾನ ಯಾಕೆ?

ಪ್ರಶ್ನೆ: ಅನಿಮೇಷನ್ ಸಿನಿಮಾಗಳಲ್ಲಿ ದೈತ್ಯರು, ಡೈನೋಸಾರ್‌ಗಳು ಯಾವಾಗಲೂ ನಿಧಾನವಾಗಿಯೇ ನಡೆಯುತ್ತಾರಲ್ಲ, ಅಷ್ಟುದ್ದ ಕಾಲಿದ್ದೂ ಸರಸರ ನಡೆಯಬಾರದೇಕೆ?

ಉತ್ತರ: ಅವರ ನಡಿಗೆ ನಿಧಾನ ಅನ್ನಿಸುತ್ತದೆ, ಅಷ್ಟೆ. ಲೆಕ್ಕ ಹಾಕಿದರೆ ಅವರು ನಮಗಿಂತ ಎಷ್ಟೋ ವೇಗವಾಗಿ ಸಾಗುತ್ತಿರುತ್ತಾರೆ.

ಒಂದು ಮೀಟರ್ ಎತ್ತರದಿಂದ ಲೋಟ ಜಾರಿದರೆ ನೆಲ ಮುಟ್ಟಲು ಅರ್ಧ ಸೆಕೆಂಡೂ ಬೇಡ. ಸೆಕೆಂಡಿಗೆ 24 ಫ್ರೇಮ್ ಓಡುವ ಸಿನಿಮಾದಲ್ಲಿ ಅದು ಸುಮಾರು 11 ಫ್ರೇಮ್. 25 ಮೀಟರ್‌ನಿಂದ ಬಿದ್ದರೆ 54 ಫ್ರೇಮ್. ಎತ್ತರ 25 ಪಟ್ಟು ಹೆಚ್ಚಿದರೂ ಸಮಯ ಹೆಚ್ಚಿದ್ದು 5 ಪಟ್ಟು ಮಾತ್ರ, ಯಾಕೆಂದರೆ ಬೀಳುವ ಸಮಯ ಎತ್ತರದ ವರ್ಗಮೂಲವನ್ನು ಅನುಸರಿಸುತ್ತದೆ. ನಡೆಯುವುದೆಂದರೂ ಮುಂದಕ್ಕೆ ಬೀಳುತ್ತಾ ಕಾಲು ಕೊಟ್ಟು ತಡೆದುಕೊಳ್ಳುವುದೇ. ಹಾಗಾಗಿ ನಮ್ಮ ಒಂದು ಹೆಜ್ಜೆಗೆ 12 ಫ್ರೇಮ್ ಹಿಡಿದರೆ, ನಮಗಿಂತ 25 ಪಟ್ಟು ಎತ್ತರದವನ ಹೆಜ್ಜೆಗೆ 60 ಬೇಕು. ಆ ಒಂದು ಹೆಜ್ಜೆಯಲ್ಲೇ ಅವನು ನಮ್ಮ 25 ಹೆಜ್ಜೆಯಷ್ಟು ದೂರ ದಾಟಿರುತ್ತಾನೆ!

1954ರ ಜಪಾನೀ ಚಿತ್ರ 'ಗೊಜಿರಾ' ಅನಿಮೇಷನ್ ಅಲ್ಲ, ಆದರೆ ಅಲ್ಲಿ ದುಡಿದದ್ದೂ ಇದೇ ಲೆಕ್ಕ. ವೇಷ ತೊಟ್ಟ ನಟ ಪುಟ್ಟ ಪುಟ್ಟ ಕಟ್ಟಡಗಳನ್ನು ತುಳಿಯುವುದನ್ನು ವಿಶೇಷ ಪರಿಣಾಮಗಳ ನಿರ್ದೇಶಕ ಐಜಿ ತ್ಸುಬುರಾಯ ಕ್ಯಾಮೆರಾವನ್ನು ವೇಗವಾಗಿ ಓಡಿಸಿ ಸೆರೆಹಿಡಿದರು. ಮಾಮೂಲಿ ವೇಗದಲ್ಲಿ ತೋರಿಸಿದಾಗ ಗೋಡೆಗಳು ನಿಧಾನಕ್ಕೆ ಕುಸಿದವು, ಆಟಿಕೆಯಂಥ ಊರು ಮಹಾನಗರವಾಯಿತು.

ಇಷ್ಟು ಗಾತ್ರದ ಮಾತು. ತೂಕದ್ದು ಬೇರೆ, ನನ್ನ ಪ್ರಕಾರ ಹೆಚ್ಚು ಸೂಕ್ಷ್ಮದ ಕೆಲಸ. ಒಂದೇ ಅಳತೆಯ ಎರಡು ವೃತ್ತಗಳಲ್ಲಿ ಒಂದನ್ನು ಬಲೂನು, ಇನ್ನೊಂದನ್ನು ಕಬ್ಬಿಣದ ಗುಂಡು ಮಾಡಲು ಬಣ್ಣವೇ ಬೇಕಿಲ್ಲ. ಬಲೂನು ಬೆರಳು ತಾಗಿದೊಡನೆ ಹಾರಿ, ಗಾಳಿಯಲ್ಲಿ ಬೇಗ ಸೋಲುತ್ತದೆ. ಗುಂಡನ್ನು ತಳ್ಳಿದಾಗ ಮೊದಲ ಹಲವು ಚಿತ್ರಗಳಲ್ಲಿ ಅದು ಕದಲಿತೋ ಇಲ್ಲವೋ ಎನ್ನುವಂತಿರಬೇಕು. ಚಿತ್ರದಿಂದ ಚಿತ್ರಕ್ಕೆ ಅಂತರ ಹಿಗ್ಗುವುದು ಆಮೇಲೆ, ನಿಲ್ಲಿಸುವುದಕ್ಕೂ ಅಷ್ಟೇ ಹೆಣಗಾಟ. ಭಾರದ ಪ್ರಾಣಿಯಾದರೆ ಪಾದ ಊರಿದ ಮೇಲೂ ಮೈ ಇನ್ನೆರಡು ಮೂರು ಫ್ರೇಮ್ ಕೆಳಗಿಳಿಯುತ್ತದೆ. ಹೊಟ್ಟೆ ಅದಕ್ಕಿಂತ ತಡವಾಗಿ ಕುಲುಕಿ ನಿಲ್ಲುತ್ತದೆ.

ಕಂಪ್ಯೂಟರಿನಲ್ಲಿ ಏನನ್ನು ಬೇಕಾದರೂ ಎಷ್ಟು ವೇಗವಾಗಿ ಬೇಕಾದರೂ ಓಡಿಸಬಹುದು, ಅಪಾಯ ಇರುವುದೂ ಅಲ್ಲೇ. 2013ರ ಚಿತ್ರ 'ಪೆಸಿಫಿಕ್ ರಿಮ್'ನಲ್ಲಿ ದೈತ್ಯ ರೋಬಾಟ್ ಮುಷ್ಟಿ ಎತ್ತುವ ಹೊತ್ತಿಗೆ ನಾವೇ ಉಸಿರು ಬಿಗಿಹಿಡಿಯುತ್ತೇವೆ. 2018ರ ಮುಂದಿನ ಭಾಗದಲ್ಲಿ ಅಂಥವೇ ರೋಬಾಟ್‌ಗಳು ಮನುಷ್ಯರ ಚುರುಕಿನಲ್ಲಿ ಜಿಗಿದಾಡುತ್ತವೆ, ನನ್ನ ಕಣ್ಣಿಗೆ ಅವು ಗೊಂಬೆಗಳಷ್ಟೇ ಹಗುರ. ಎರಡನ್ನೂ ಒಂದರ ಹಿಂದೊಂದು ನೋಡಿ.