ಹೊಂಗೆ ಮರದ ಕೆಳಗೆ ಬಂದ ಉತ್ತರಗಳು

ಪುಟ್ಟಿ,

ನಿನ್ನೆ ಫಿಸಿಕ್ಸ್ ಪರೀಕ್ಷೆ ಮುಗಿದು ನೀನು ಕಾಲೇಜಿನ ಮೆಟ್ಟಿಲಿಳಿದು ಬರುವಾಗ ನಾನು ಗೇಟಿನ ಎದುರು, ಹೊಂಗೆ ಮರದ ಕೆಳಗೆ ಸ್ಕೂಟರ್ ನಿಲ್ಲಿಸಿಕೊಂಡು ಕಾಯುತ್ತಿದ್ದೆ. ನಿನ್ನ ಮುಖದಲ್ಲಿ ನಗುವಿತ್ತು. ಹತ್ತು ನಿಮಿಷ ಬಿಟ್ಟು ಹೆಲ್ಮೆಟ್ ಕೊಡುವಾಗ ನೋಡಿದರೆ ಕಣ್ಣು ತುಂಬಿತ್ತು. ಆ ಹತ್ತು ನಿಮಿಷದಲ್ಲಿ ಒಳಗೆ ಕಟ್ಟಿಟ್ಟ ನಿನ್ನ ಉತ್ತರಪತ್ರಿಕೆಯಲ್ಲಿ ಒಂದಕ್ಷರವೂ ಬದಲಾಗಿರಲಿಲ್ಲ. ದಾರಿಯುದ್ದಕ್ಕೂ ನಾನು ಏನೂ ಹೇಳಲಿಲ್ಲ. ಅಳುವವರಿಗೆ ಸ್ಕೂಟರಿನ ಮೇಲೆ ಉಪದೇಶ ಮಾಡಬಾರದು. ಅದಕ್ಕೇ ಬರೆದು ನಿನ್ನ ಗಣಿತದ ಪುಸ್ತಕದಲ್ಲಿ ಇಡುತ್ತಿದ್ದೇನೆ.

ಮರದ ಕೆಳಗೆ ನೀವು ಏಳೆಂಟು ಜನ ಸೇರಿದ್ದಿರಿ. ನಾನು ಎರಡು ಮಾರು ದೂರದಲ್ಲಿದ್ದೆ, ಎಲ್ಲವೂ ಕೇಳಿಸುತ್ತಿತ್ತು. ನೂರು ವೋಲ್ಟಿನಲ್ಲಿ ವೇಗ ಪಡೆದ ಎಲೆಕ್ಟ್ರಾನಿನ ಡಿ ಬ್ರಾಗ್ಲಿ ತರಂಗದೂರ ಕೇಳಿದ್ದರಲ್ಲ, ಅದಕ್ಕೆ ಒಬ್ಬ 'ಪಾಯಿಂಟ್ ಒನ್ ಟೂ ತ್ರೀ' ಎಂದ. ಇನ್ನಿಬ್ಬರು ತಮಗೂ ಅಷ್ಟೇ ಬಂತೆಂದರು. ನೀನು 'ನಂಗೆ ಒನ್ ಪಾಯಿಂಟ್ ಟೂ ತ್ರೀ' ಎಂದೆ. 'ಪಾಯಿಂಟ್ ತಪ್ಪು ಜಾಗಕ್ಕೆ ಇಟ್ಟಿದ್ದೀಯ ಕಣೇ' ಎಂದರು. ಅಷ್ಟಕ್ಕೆ ನಿನ್ನ ಮುಖ ಬಾಡಿತು.

ಅವರು ಬರೆದದ್ದು ನ್ಯಾನೋಮೀಟರಿನಲ್ಲಿ, ನೀನು ಬರೆದದ್ದು ಆಂಗ್‌ಸ್ಟ್ರಾಮಿನಲ್ಲಿ. ಒಂದು ನ್ಯಾನೋಮೀಟರಿಗೆ ಹತ್ತು ಆಂಗ್‌ಸ್ಟ್ರಾಮ್. 0.123 ನ್ಯಾನೋಮೀಟರ್ ಎಂದರೂ 1.23 ಆಂಗ್‌ಸ್ಟ್ರಾಮ್ ಎಂದರೂ ಒಂದೇ ಅಳತೆ. ಆಂಗ್‌ಸ್ಟ್ರಾಮಿನಲ್ಲಿ ಬರೆಯುವ ಹಳೆಯ ರೂಢಿ ನಿನಗೆ ನನ್ನಿಂದಲೇ ಬಂದದ್ದು. ಅಷ್ಟು ಜನರಲ್ಲಿ ಒಬ್ಬರಾದರೂ 'ಯಾವ ಯೂನಿಟ್?' ಎಂದು ಕೇಳಿದ್ದರೆ ನೀನು ನಗುತ್ತಲೇ ಮನೆಗೆ ಬರುತ್ತಿದ್ದೆ. ಯಾರೂ ಕೇಳಲಿಲ್ಲ. ಗೇಟಿನ ಹತ್ತಿರ ಹಾಗೇ ಆಗುವುದು. ಅಲ್ಲಿ ಬರೀ ಅಂಕಿಗಳು ಓಡಾಡುತ್ತವೆ. ಅವುಗಳ ಹಿಂದಿನ ಸೂತ್ರ, ಮುಂದಿನ ಏಕಮಾನ, ಪಕ್ಕದ ಚಿತ್ರ ಎಲ್ಲವೂ ಒಳಗಿನ ಕಟ್ಟಿನಲ್ಲೇ ಉಳಿದಿರುತ್ತವೆ.

ನಿನ್ನ ಪ್ರಶ್ನೆಪತ್ರಿಕೆಯ ಮೊದಲ ಪುಟದ ಸೂಚನೆಗಳನ್ನು ಇನ್ನೊಮ್ಮೆ ಓದು. ಸೂತ್ರ ಮತ್ತು ವಿವರವಾದ ಬಿಡಿಸುವಿಕೆ ಇಲ್ಲದೆ ಲೆಕ್ಕಕ್ಕೆ ನೇರ ಉತ್ತರ ಬರೆದರೆ ಅಂಕವಿಲ್ಲ ಎಂದು ಅಲ್ಲಿದೆ. ಬೇಕಾದ ಕಡೆ ಚಿತ್ರವಿಲ್ಲದಿದ್ದರೂ ಅಂಕವಿಲ್ಲ ಎಂದಿದೆ. ಅಂದರೆ ಪಾಯಿಂಟ್ ಒನ್ ಟೂ ತ್ರೀ ಎಂಬ ಬೋಳು ಅಂಕಿಗೆ ಪರೀಕ್ಷಾ ಮಂಡಳಿ ಒಂದು ಮಾರ್ಕನ್ನೂ ಕೊಡುವುದಿಲ್ಲ. ಅವರು ಬೆಲೆಯೇ ಇಲ್ಲವೆಂದ ಆ ಒಂದು ಚೂರನ್ನು ಹಿಡಿದುಕೊಂಡು ನೀವು ಮರದ ಕೆಳಗೆ ಇಡೀ ವರ್ಷದ ಓದನ್ನು ಅಳೆದಿರಿ. ನನಗೆ ಸಂಕಟವಾದದ್ದು ಅಲ್ಲಿ.

ಮೌಲ್ಯಮಾಪನಕ್ಕೆ ನಾನು ಎಷ್ಟೋ ವರ್ಷ ಹೋಗಿದ್ದೇನೆ. ಲೆಕ್ಕವಿರುವ ಪುಟ ಬಂದಾಗ ಮೌಲ್ಯಮಾಪಕರ ಕಣ್ಣು ಮೊದಲು ಮೇಲಿನ ಸಾಲಿಗೆ ಹೋಗುತ್ತದೆ. ಸೂತ್ರ ಸರಿಯಿದೆಯೇ, ಅದಕ್ಕೆ ಮಾರ್ಕು. ಬೆಲೆಗಳನ್ನು ಸರಿಯಾಗಿ ಹಾಕಿದ್ದಾರೆಯೇ, ಅದಕ್ಕೆ. ಕೊನೆಯ ಉತ್ತರ ಏಕಮಾನದ ಜೊತೆ ಬಂದಿದೆಯೇ, ಅದಕ್ಕೆ. ಮೇಜಿನ ಮೇಲಿರುವ ಸ್ಕೀಮಿನಲ್ಲಿ ಪ್ರತಿ ಹೆಜ್ಜೆಗೂ ಅಂಕ ಹಂಚಿರುತ್ತದೆ. ಬೇರೆ ಸರಿಯಾದ ವಿಧಾನದಲ್ಲಿ ಮಾಡಿದ್ದರೂ ಪರಿಗಣಿಸಬೇಕು ಎಂಬ ಮಾತೂ ಅದರಲ್ಲಿರುತ್ತದೆ. ಒಂದು ಮಾರ್ಕಿನ ಆಯ್ಕೆ ಪ್ರಶ್ನೆಗಳ ಮಾತು ಬೇರೆ. ಅಲ್ಲಿ ಬಿ ಅಂದರೆ ಬಿ, ಹೆಜ್ಜೆಗಳಿಲ್ಲ. ಹೋಲಿಸಿ ನೋಡಲು ಬರುವುದು ಅವೇ. ಆದರೆ ಅವನ್ನು ಹೋಲಿಸುವುದರಿಂದ ಕಲಿಯುವುದೂ ಕಡಿಮೆ.

ಆ ಮಸೂರದ ಲೆಕ್ಕದ ಹುಡುಗನನ್ನು ನೀನು ಗಮನಿಸಿದೆಯೋ ಇಲ್ಲವೋ. ನೀಲಿ ಬ್ಯಾಗಿನವನು. ಸಂಗಮದೂರ 20 ಸೆಂಟಿಮೀಟರ್ ಇರುವ ಪೀನ ಮಸೂರ, ವಸ್ತು 30 ಸೆಂಟಿಮೀಟರ್ ದೂರದಲ್ಲಿ. ಎಲ್ಲರಿಗೂ 60 ಬಂದಿತ್ತು, ಅವನಿಗೆ 12. 'ಅಯ್ಯೋ, ಐದು ಮಾರ್ಕೂ ಹೋಯ್ತಲ್ಲೋ' ಎಂದು ಯಾರೋ ಅಂದರು. ಅಂದವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಅವನು ಪ್ರಶ್ನೆಪತ್ರಿಕೆಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ತುರುಕಿಕೊಂಡು ಯಾರಿಗೂ ಹೇಳದೆ ಬಸ್ ಸ್ಟ್ಯಾಂಡಿನ ಕಡೆ ನಡೆದ. ಅವನ ತಪ್ಪೇನೆಂದು ನನಗೆ ಅಲ್ಲೇ ಗೊತ್ತಾಯಿತು. ವಸ್ತುದೂರಕ್ಕೆ ಮೈನಸ್ ಚಿಹ್ನೆ ಹಾಕುವುದನ್ನು ಮರೆತಿದ್ದಾನೆ. ಇಪ್ಪತ್ತರಲ್ಲೊಂದಕ್ಕೆ ಮೂವತ್ತರಲ್ಲೊಂದನ್ನು ಕೂಡಿಸಿದರೆ ಹನ್ನೆರಡು ಬರುತ್ತದೆ, ಕಳೆದರೆ ಅರವತ್ತು. ಸೂತ್ರ ಬರೆದಿದ್ದರೆ ಅದರ ಮಾರ್ಕು ಅವನಿಗೆ ಇದ್ದೇ ಇದೆ. ಐದಕ್ಕೆ ಐದೂ ಹೋಗಿಲ್ಲ. ಆದರೆ ಅವನು ಐದೂ ಹೋಯಿತೆಂದೇ ನಂಬಿ ಬಸ್ ಹತ್ತಿದ.

ಆ ಹನ್ನೆರಡು ತಪ್ಪೆಂದು ತಿಳಿಯಲು ಅವನಿಗೆ ಗೆಳೆಯರೇ ಬೇಕಿರಲಿಲ್ಲ. ಇದನ್ನು ಸಿಇಟಿಗೆ ಮುಂಚೆ ನೀನೂ ಮನಸ್ಸಿನಲ್ಲಿಟ್ಟುಕೋ. ಪೀನ ಮಸೂರದ ಮುಂದೆ ವಸ್ತುವನ್ನು ಎಷ್ಟೇ ದೂರ ಒಯ್ಯು, ಚಂದ್ರನಷ್ಟು ದೂರವೇ ಇರಲಿ, ಗೋಡೆಯ ಮೇಲೆ ಹಿಡಿಯಬಹುದಾದ ಪ್ರತಿಬಿಂಬ ಸಂಗಮಬಿಂದುವಿಗಿಂತ ಹತ್ತಿರ ಬೀಳುವುದೇ ಇಲ್ಲ. ನೀನು ಏಳನೇ ಕ್ಲಾಸಿನಲ್ಲಿದ್ದಾಗ ಅಜ್ಜಿಯ ಭೂತಗನ್ನಡಿ ಹಿಡಿದು ಕಿಟಕಿಯನ್ನು ಗೋಡೆಯ ಮೇಲೆ ತಲೆಕೆಳಗಾಗಿ ಬೀಳಿಸಿದ್ದೆವಲ್ಲ, ಆಗ ಗಾಜನ್ನು ಗೋಡೆಗೆ ತೀರಾ ಹತ್ತಿರ ತಂದರೆ ಎಲ್ಲ ಕಲಸಿಹೋಗುತ್ತಿತ್ತು. ಆ ಕಿಟಕಿ ನೆನಪಾದರೆ ಸಾಕು, 20ರ ಮಸೂರಕ್ಕೆ 12 ಬಂದಾಗ ಪೆನ್ನು ತಾನಾಗಿ ನಿಲ್ಲುತ್ತದೆ. ಉತ್ತರವನ್ನು ಮೊದಲು ಹೋಲಿಸಬೇಕಾದದ್ದು ಕಣ್ಣಾರೆ ಕಂಡದ್ದರ ಜೊತೆ, ಅದೂ ಪರೀಕ್ಷೆಯ ಕೊಠಡಿಯಲ್ಲೇ, ಬರೆದು ಮುಗಿಸಿದ ಅರೆನಿಮಿಷದಲ್ಲಿ.

ಇನ್ನೊಂದು ಸಂಗತಿ ಇದೆ, ಅದನ್ನು ಇದುವರೆಗೆ ಮನೆಯಲ್ಲಿ ಯಾರಿಗೂ ಹೇಳಿಲ್ಲ. ನಾನಿನ್ನೂ ಕೆಲಸದಲ್ಲಿದ್ದ ಕಾಲ. ಪರೀಕ್ಷೆ ಮುಗಿದಿತ್ತು, ನಾನು ಆಫೀಸಿನ ಕಡೆ ಬಿರಬಿರನೆ ಹೋಗುತ್ತಿದ್ದೆ. ಹುಡುಗಿಯೊಬ್ಬಳು ಓಡಿಬಂದು, 'ಸರ್, ಕಿರ್ಚಾಫ್ ಲೆಕ್ಕದಲ್ಲಿ ನಂಗೆ ಮೈನಸ್ ಪಾಯಿಂಟ್ ಫೈವ್ ಆಂಪಿಯರ್ ಬಂತು, ಎಲ್ಲರಿಗೂ ಪ್ಲಸ್ ಬಂದಿದೆ' ಎಂದಳು. ನಾನು ನಿಲ್ಲದೆ, 'ಮೈನಸ್ ಹೇಗಮ್ಮಾ ಬರುತ್ತೆ? ಎಲ್ಲೋ ತಪ್ಪಿದ್ದೀಯ' ಎಂದು ನಡೆದುಬಿಟ್ಟೆ. ರಾತ್ರಿ ಪ್ರಶ್ನೆಪತ್ರಿಕೆ ಬಿಡಿಸುತ್ತ ಕೂತಾಗ ಹೊಳೆಯಿತು. ಮಂಡಲದಲ್ಲಿ ಕರೆಂಟಿನ ಬಾಣವನ್ನು ಯಾವ ಕಡೆಗೆ ಬೇಕಾದರೂ ಬರೆದುಕೊಳ್ಳಬಹುದು. ಉತ್ತರ ಮೈನಸ್ ಬಂದರೆ ಕರೆಂಟು ಆ ಬಾಣಕ್ಕೆ ಎದುರಾಗಿ ಹರಿಯುತ್ತಿದೆ ಎಂದಷ್ಟೇ ಅರ್ಥ. ಅವಳು ಬಾಣವನ್ನು ಆ ಕಡೆಗೆ ಬರೆದಿದ್ದಳು, ಉಳಿದವರು ಈ ಕಡೆಗೆ. ಅವಳದು ಪೂರ್ತಿ ಸರಿ. ಇಪ್ಪತ್ತು ವರ್ಷ ತರಗತಿಯಲ್ಲಿ ನಾನೇ ಹೇಳಿಕೊಟ್ಟ ಪಾಠ ಅದು. ಅವರ ಮನೆ ಹದಿನಾಲ್ಕು ಮೈಲಿ ದೂರದ ಹಳ್ಳಿಯಲ್ಲಿ, ಫೋನಿರಲಿಲ್ಲ. ಮುಂದಿನ ಪರೀಕ್ಷೆಯ ದಿನ ಅವಳನ್ನು ಹುಡುಕಿ ಹೇಳುವಷ್ಟರಲ್ಲಿ ಅವಳು ಕೆಮಿಸ್ಟ್ರಿ ಬರೆದು ಹೊರಗೆ ಬಂದಿದ್ದಳು. ಫಲಿತಾಂಶ ಬಂದಾಗ ಫಿಸಿಕ್ಸಿನಲ್ಲಿ ಒಳ್ಳೆಯ ಅಂಕ, ಕೆಮಿಸ್ಟ್ರಿಯಲ್ಲಿ ಮೂವತ್ತೈದಕ್ಕೂ ಕಡಿಮೆ. ಅದು ನನ್ನ ಮಾತಿನಿಂದಲೇ ಆಯಿತೆಂದು ಹೇಳಲಾರೆ. ಅಲ್ಲವೆಂದೂ ಹೇಳಲಾರೆ. ಆಗ ಫೇಲಾದವರು ತಿಂಗಳುಗಟ್ಟಲೆ ಕಾಯಬೇಕಿತ್ತು. 2024ರಿಂದ ನಿಮಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ, ಅವುಗಳಲ್ಲಿ ಹೆಚ್ಚು ಬಂದ ಅಂಕವನ್ನು ಉಳಿಸಿಕೊಳ್ಳಬಹುದು. ಅವಳಿಗೆ ಅದೂ ಇರಲಿಲ್ಲ. ಅಂದಿನಿಂದ ಗೇಟಿನ ಹತ್ತಿರ ಯಾರ ಉತ್ತರವನ್ನೂ ನಾನು ಸರಿ ಎಂದಿಲ್ಲ, ತಪ್ಪು ಎಂದಿಲ್ಲ. ನಿನ್ನೆ ನೀನು ಅಳುವಾಗಲೂ ಬಾಯಿ ಬಿಡದಿರಲು ಅದೂ ಒಂದು ಕಾರಣ.

ಹಾಗಂತ ಹೋಲಿಸಿ ನೋಡುವುದೇ ತಪ್ಪೆಂದು ನಾನು ಹೇಳುತ್ತಿಲ್ಲ. ಹಾಗೆ ಹೇಳಿದರೆ ನಾನು ಓದಿದ ವಿಷಯಕ್ಕೇ ದ್ರೋಹ. ಒಬ್ಬರ ಉತ್ತರವನ್ನು ಇನ್ನೊಬ್ಬರದರ ಪಕ್ಕ ಇಟ್ಟು ನೋಡಿಯೇ ಭೌತವಿಜ್ಞಾನ ಬೆಳೆದದ್ದು. ಆದರೆ ಹೇಗೆ ನೋಡಬೇಕು ಎನ್ನುವುದಿದೆ. ಎಲೆಕ್ಟ್ರಾನಿನ ಆವೇಶ 1.602 × 10⁻¹⁹ ಕೂಲಾಮ್ ಎಂದು ನೀನು ಬಾಯಿಪಾಠ ಮಾಡಿದ್ದೀಯ. ಅದನ್ನು ನಿಖರವಾಗಿ ಅಳೆದು ಹೆಸರಾದವನು ಅಮೆರಿಕದ ರಾಬರ್ಟ್ ಮಿಲಿಕನ್. ಎರಡು ತಟ್ಟೆಗಳ ನಡುವೆ ಎಣ್ಣೆಯ ಸಣ್ಣ ಹನಿಗಳನ್ನು ವಿದ್ಯುತ್ ಬಲದಿಂದ ಎತ್ತಿಹಿಡಿದು, ಬೀಳಿಸಿ, ಅವು ಚಲಿಸುವ ವೇಗ ನೋಡಿ ಲೆಕ್ಕ ಹಾಕಿದ. 1923ರಲ್ಲಿ ಅವನಿಗೆ ನೊಬೆಲ್ ಬಂತು. ಅವನ ಉತ್ತರ 1.592. ಎರಡನೆಯ ಅಂಕಿಯಲ್ಲೇ ವ್ಯತ್ಯಾಸ ನೋಡು. ಹನಿ ಬೀಳುವಾಗ ಗಾಳಿ ತಡೆಯುತ್ತದಲ್ಲ, ಆ ಗಾಳಿಯ ಸ್ನಿಗ್ಧತೆಗೆ ಅವನು ಬಳಸಿದ ಬೆಲೆ ಸ್ವಲ್ಪ ತಪ್ಪಾಗಿತ್ತು.

ಆಮೇಲೆ ನಡೆದದ್ದನ್ನು ರಿಚರ್ಡ್ ಫೈನ್‌ಮನ್ 1974ರಲ್ಲಿ ಕ್ಯಾಲ್‌ಟೆಕ್‌ನ ಘಟಿಕೋತ್ಸವದಲ್ಲಿ ವಿದ್ಯಾರ್ಥಿಗಳ ಮುಂದೆ ಬಿಚ್ಚಿ ಹೇಳಿದರು. ನಂತರ ಅಳೆದವರ ಬೆಲೆಗಳು ಒಮ್ಮೆಗೇ ಸರಿಯಾದ ಕಡೆಗೆ ಹೋಗಲಿಲ್ಲವಂತೆ. ಮಿಲಿಕನ್ನನದಕ್ಕಿಂತ ಸ್ವಲ್ಪ ಹೆಚ್ಚು, ಆಮೇಲೆ ಇನ್ನು ಸ್ವಲ್ಪ ಹೆಚ್ಚು, ಹೀಗೆ ತೆವಳುತ್ತಾ ಹೋದವಂತೆ. ತಮ್ಮ ಅಂಕಿ ಮಿಲಿಕನ್ನನದಕ್ಕಿಂತ ತೀರಾ ಹೆಚ್ಚು ಬಂದಾಗ ಅವರು ತಮ್ಮಲ್ಲೇ ತಪ್ಪು ಹುಡುಕಿದರು. ಹತ್ತಿರ ಬಂದಾಗ ಅಷ್ಟಾಗಿ ಹುಡುಕಲಿಲ್ಲ. ದೊಡ್ಡವನ ಉತ್ತರವೇ ಕೀ ಉತ್ತರ ಎಂದುಕೊಂಡಿದ್ದರು. ಕಲಿತ ದೊಡ್ಡವರೇ ಹಾಗೆ ಮಾಡಿರುವಾಗ ಹದಿನೇಳರ ನೀನು ಕ್ಲಾಸಿನ ಫಸ್ಟ್ ಹುಡುಗನ ಅಂಕಿ ಕೇಳಿ ನಿನ್ನದನ್ನು ಕೈಬಿಟ್ಟದ್ದು ನನಗೆ ಅರ್ಥವಾಗುತ್ತದೆ. ಆದರೂ ಅವನ ದಾರಿ ಏನೆಂದು ಒಂದು ಮಾತು ಕೇಳಬೇಕಿತ್ತು. ನಿನ್ನದು ಸರಿಯಿರಲಿ ತಪ್ಪಿರಲಿ, ಹೊಂದಿದಾಗಲೂ ಹೊಂದದಿದ್ದಾಗಲೂ ಅಷ್ಟೇ ಶ್ರದ್ಧೆಯಿಂದ ಹಿಂದೆ ಹೋಗಿ ನೋಡಬೇಕು. ಇಬ್ಬರದೂ 60 ಬಂದರೆ ಇಬ್ಬರೂ ಸರಿಯಾಗಿ ಮಾಡಿದ್ದಾರೆ ಎಂದೇನೂ ಅಲ್ಲ. ಚಿಹ್ನೆಯನ್ನು ಎರಡು ಕಡೆ ತಪ್ಪಿಸಿ ಸರಿ ಉತ್ತರಕ್ಕೆ ಬಂದವರನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಸಮಯದ ಬಗ್ಗೆಯೂ ಒಂದು ಮಾತು. ನಿಮ್ಮ ಕೈಗೆ ಫೋನ್ ಬಂದಮೇಲೆ ಪರೀಕ್ಷೆ ಮುಗಿದು ಅರ್ಧ ಗಂಟೆಯೊಳಗೆ ಯಾರೋ ಕೈಯಲ್ಲಿ ಬರೆದ ಉತ್ತರಗಳ ಫೋಟೋ ವಾಟ್ಸಾಪಿಗೆ ಬರುತ್ತದೆ. ಬರೆದವರು ಯಾರೆಂದು ಗೊತ್ತಿಲ್ಲ, ಅವಸರದಲ್ಲಿ ಬರೆದದ್ದು. ಅದನ್ನು ನಾಡಿದ್ದು ಗಣಿತ ಮುಗಿಯುವವರೆಗೆ, ಅದಾದ ಮೇಲೆ ಕೊನೆಯ ಭಾಷಾ ಪರೀಕ್ಷೆ ಮುಗಿಯುವವರೆಗೆ ತೆರೆಯಬೇಡ. ಮಂಡಳಿಯೇ ಕೀ ಉತ್ತರ ಪ್ರಕಟಿಸುತ್ತದೆ, ಆಗ ನೋಡಬಹುದು. ಫಲಿತಾಂಶದ ನಂತರವೂ ಅನುಮಾನವಿದ್ದರೆ ನಿನ್ನದೇ ಉತ್ತರಪತ್ರಿಕೆಯ ಸ್ಕ್ಯಾನ್ ಪ್ರತಿ ತರಿಸಬಹುದು, ಮರುಮೌಲ್ಯಮಾಪನಕ್ಕೆ ಹಾಕಬಹುದು. ಸಿಇಟಿಯಲ್ಲೂ ಪರೀಕ್ಷಾ ಪ್ರಾಧಿಕಾರ ಮೊದಲು ತಾತ್ಕಾಲಿಕ ಕೀ ಉತ್ತರ ಹಾಕಿ ಆಕ್ಷೇಪಣೆ ಕರೆಯುತ್ತದೆ. ದೊಡ್ಡ ಪ್ರಾಧಿಕಾರವೇ ತನ್ನ ಉತ್ತರಗಳನ್ನು ನಾಲ್ಕು ಜನ ಪರೀಕ್ಷಿಸಲಿ ಎಂದು ಬಿಟ್ಟುಕೊಡುತ್ತದೆ. ಮರದ ಕೆಳಗಿನ ತೀರ್ಪಿಗೆ ಮಾತ್ರ ಮೇಲ್ಮನವಿ ಇಲ್ಲ, ಕೂಗಿ ಹೇಳಿದವರದೇ ಗೆಲುವು.

ನಿನ್ನ ಅಪ್ಪ ಮನೆಗೆ ಬಂದವನೇ 'ಎಪ್ಪತ್ತಕ್ಕೆ ಎಷ್ಟು ಬರುತ್ತೆ?' ಎಂದು ಕೇಳಿದ. ಅವನ ಜೊತೆ ನಾನು ಬೇರೆಯಾಗಿ ಮಾತಾಡಿದ್ದೇನೆ. ಇನ್ನು ಕೇಳುವುದಿಲ್ಲ.

ಫಿಸಿಕ್ಸ್ ಪ್ರಶ್ನೆಪತ್ರಿಕೆಯನ್ನು ನಿನ್ನ ಬ್ಯಾಗಿನಿಂದ ತೆಗೆದು ನನ್ನ ಮೇಜಿನ ಡ್ರಾಯರಿನಲ್ಲಿ ಇಟ್ಟಿದ್ದೇನೆ, ಹುಡುಕಬೇಡ. ಕೊನೆಯ ಪರೀಕ್ಷೆಯ ಮಾರನೇ ದಿನ ಸಂಜೆ ಎಲ್ಲರನ್ನೂ ಮನೆಗೆ ಕರೆ. ಅಜ್ಜಿ ಮಂಡಕ್ಕಿ ಒಗ್ಗರಣೆ ಹಾಕುತ್ತಾಳೆ. ಹಜಾರದಲ್ಲಿ ಕೂತು ಒಂದೊಂದೇ ಲೆಕ್ಕ ತೆಗೆಯೋಣ. ಉತ್ತರ ಎಷ್ಟು ಬಂತೆಂದು ಯಾರೂ ಮೊದಲು ಹೇಳಬಾರದು. ಮೊದಲು ಚಿತ್ರ, ಆಮೇಲೆ ಸೂತ್ರ, ಆಮೇಲೆ ಚಿಹ್ನೆ. ಎಲ್ಲಿ ಒಬ್ಬರ ದಾರಿ ಇನ್ನೊಬ್ಬರದಕ್ಕಿಂತ ಬೇರೆಯಾಯಿತೋ ಅಲ್ಲಿ ನಿಲ್ಲೋಣ. ಸಿಇಟಿಯಲ್ಲಿ ಎಂಬತ್ತು ನಿಮಿಷಕ್ಕೆ ಅರವತ್ತು ಪ್ರಶ್ನೆ, ಒಂದೊಂದಕ್ಕೆ ಎಂಬತ್ತೇ ಸೆಕೆಂಡು. ಎಲ್ಲಿ ಜಾರುತ್ತೇವೆಂದು ಮೊದಲೇ ಗೊತ್ತಿದ್ದರೆ ಅಲ್ಲಿ ಕೈಗೆ ಬರುತ್ತದೆ. ಭೂತಗನ್ನಡಿಯನ್ನೂ ಹುಡುಕಿ ಇಟ್ಟಿರುತ್ತೇನೆ.

ಇದಕ್ಕಿಂತ ಮೊದಲು ಮಾಡಬೇಕಾದ ಕೆಲಸ ಒಂದಿದೆ. ನೀಲಿ ಬ್ಯಾಗಿನ ಆ ಹುಡುಗನಿಗೆ ಇವತ್ತೇ ಫೋನ್ ಮಾಡು. ಸೂತ್ರದ ಮಾರ್ಕು ಎಲ್ಲೂ ಹೋಗಿಲ್ಲವಂತೆ, ನಮ್ಮ ತಾತ ಹೇಳಿದರು ಎನ್ನು. ಅಷ್ಟೇ ಸಾಕು, ಫಿಸಿಕ್ಸ್ ಮಾತು ಮುಂದುವರಿಸಬೇಡ. ಗಣಿತದಲ್ಲಿ ಯಾವ ಚಾಪ್ಟರ್ ಓದುತ್ತಿದ್ದೀಯ, ಊಟ ಆಯಿತಾ ಎಂದು ಕೇಳು. ಅವನು ಫೋನ್ ಎತ್ತದಿದ್ದರೆ ನನಗೆ ಹೇಳು, ಸ್ಕೂಟರ್ ತೆಗೆಯುತ್ತೇನೆ.

ನಿನ್ನ ತಾತ